ಏಳು ನಾಯಿ, 24 ಮಾಸ್ಟರ್

ಭಾನುವಾರ ಬೆಳಗ್ಗೆ ದರ್ಶಿನಿಯ ಕಲ್ಲುಮೇಜಿನ ಸುತ್ತ ನಾವು ನಾಲ್ವರು. ಎರಡು ಬೈಟು ಕಾಫಿ. ಸೂರಿ ಚೀಲದಿಂದ ಏಳು ಚಿತ್ರ ತೆಗೆದು ಹರಡಿದ. ನಮ್ಮ ಬೀದಿಯ ಏಳು ನಾಯಿಗಳು. ಕರಿಯ, ಕೆಂಚ, ರಾಣಿ. ಉಳಿದ ನಾಲ್ಕಕ್ಕೆ ಮನೆಗೊಂದು ಹೆಸರು. ರಾಣಿಯನ್ನು ಯಾಕೋ ತುಂಬಾ ದಪ್ಪಗೆ ಬಿಡಿಸಿದ್ದ.

“ಝೀನ್ ಮಾಡೋಣ. ರಿಸೋಗ್ರಾಫಲ್ಲಿ. ಗೆಳೆಯನ ಹತ್ತಿರ ಒಂದು ಹಳೇ ಮೆಷಿನ್ ಇದೆ. ಗುಲಾಬಿ, ನೀಲಿ, ಹಳದಿ, ಮೂರು ಡ್ರಮ್.”

“ಝೀನ್ ಅಂದ್ರೆ ಏನಯ್ಯಾ?” ಮೇಷ್ಟ್ರು ಕೇಳಿದರು.

“ಸಣ್ಣ ಪುಸ್ತಕ ಸಾರ್. ನಾವೇ ಬರೆದು, ನಾವೇ ಅಚ್ಚು ಹಾಕಿ, ನಾವೇ ಮಡಚಿ...”

“ನಾವೇ ಓದೋದು,” ಎಂದಳು ಲತಾ. ಅವಳು ಬ್ಯಾಂಕಿನವಳು.

ಸೂರಿ ಮೆಷಿನ್ ಕೆಲಸ ವಿವರಿಸಿದ. ತೆಳ್ಳನೆಯ ಹಾಳೆಯ ಮೇಲೆ ಚಿತ್ರ ಇರುವ ಕಡೆಯೆಲ್ಲ ಬಿಸಿಯಿಂದ ಸಣ್ಣ ಸಣ್ಣ ತೂತು ಬೀಳುತ್ತದೆ. ಅದೇ ಮಾಸ್ಟರ್. ಅದು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಒಳಗಿನ ಇಂಕು ತೂತಿನಿಂದ ಕಾಗದಕ್ಕೆ ಇಳಿಯುತ್ತದೆ. ನಿಮಿಷಕ್ಕೆ ನೂರಕ್ಕೂ ಜಾಸ್ತಿ ಪ್ರತಿ.

“ಅಯ್ಯೋ, ಸೈಕ್ಲೋಸ್ಟೈಲ್ ಅಲ್ವೇನಯ್ಯಾ ಇದು!” ಮೇಷ್ಟ್ರು ಎದ್ದು ನಿಂತಂತೆ ಆದರು. ಮೊದಲೇ ನಿಂತಿದ್ದರು.

ಇನ್ನು ಅವರನ್ನು ತಡೆಯುವವರಿಲ್ಲ. ಸ್ಕೂಲಿನ ಸೈಕ್ಲೋಸ್ಟೈಲ್ ಮೆಷಿನಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯುವುದು ಅವರ ಪಾಲಿಗೆ ಬರುತ್ತಿತ್ತಂತೆ. ಇಂಗ್ಲಿಷಿನದಾದರೆ ಟೈಪ್‌ರೈಟರಿನ ರಿಬ್ಬನ್ ತಪ್ಪಿಸಿ, ಬರೀ ಅಚ್ಚಿನಿಂದ ಸ್ಟೆನ್ಸಿಲ್ ಹಾಳೆ ಕೊರೆಯಬೇಕು. ಜೋರಾಗಿ ಕುಟ್ಟಿದರೆ ‘ಓ’ ಅಕ್ಷರದ ಹೊಟ್ಟೆಯೇ ಉದುರಿಹೋಗುತ್ತಿತ್ತು. ಕನ್ನಡದ್ದು ಕೈಬರಹ, ಉಕ್ಕಿನ ಮೊನೆಯ ಕಡ್ಡಿಯಲ್ಲಿ. ತಪ್ಪಾದರೆ ಕೆಂಪು ದ್ರವ ಹಚ್ಚಿ ಊದಬೇಕು. ಅದಕ್ಕೆ ಉಗುರುಬಣ್ಣದ ವಾಸನೆ. “ಊದಿ ಊದಿ ತಲೆ ತಿರುಗೋದು. ಆ ವರ್ಷ ಗಣಿತ ಪತ್ರಿಕೆ ಕಷ್ಟ ಬಂದಿದ್ದು ಅದಕ್ಕೇ.”

ಅವರು ಹೇಳಿದ್ದು ಸರಿಯೇ. ಮನೆತನ ಒಂದೇ. ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಪೆನ್ನು ಮಾಡುತ್ತಿದ್ದದ್ದೂ ಕಾಗದಕ್ಕೆ ತೂತು ಹೊಡೆಯುವುದನ್ನೇ. ರಿಸೋಗ್ರಾಫ್ ಮಾಡುವ ರಿಸೋ ಕಂಪನಿಯನ್ನು ನೊಬೊರು ಹಯಾಮ ಟೋಕಿಯೋದಲ್ಲಿ 1946ರಲ್ಲಿ ಶುರು ಮಾಡಿದರು. ಜಪಾನಿ ಭಾಷೆಯಲ್ಲಿ ರಿಸೋ ಎಂದರೆ ಆದರ್ಶ.

“ಅಂದ್ರೆ ಆದರ್ಶ ಪ್ರೆಸ್!” ಎಂದರು ಮೇಷ್ಟ್ರು. “ನಮ್ಮೂರಲ್ಲೂ ಒಂದಿತ್ತು. ಲಗ್ನಪತ್ರಿಕೆ ಹಾಕೋರು.”

ಲತಾ ಬಿಲ್ಲಿನ ಹಿಂದೆ ಲೆಕ್ಕ ಶುರು ಮಾಡಿದಳು. ನಾಯಿಗೆ ಎರಡು ಪುಟ, ರಟ್ಟಿಗೆ ಎರಡು, ಒಟ್ಟು 16. ಎ5 ಪುಸ್ತಕ, ಎ4 ಹಾಳೆ ಮಡಚಿದ್ದು. ನಾಲ್ಕು ಹಾಳೆ, ಎಂಟು ಮುಖ. ಬಣ್ಣ ಮೂರು. ಪ್ರತಿ ಮುಖಕ್ಕೂ ಬಣ್ಣಕ್ಕೊಂದು ಮಾಸ್ಟರ್.

“ಇಪ್ಪತ್ತನಾಲ್ಕು ಮಾಸ್ಟರ್. ಒಂದು ಪ್ರತಿ ತೆಗೆದರೂ ಅಷ್ಟೇ ಖರ್ಚು, ಐನೂರು ತೆಗೆದರೂ ಅಷ್ಟೇ. ಎಷ್ಟು ಪ್ರತಿ?”

“ಮೂವತ್ತು,” ಎಂದ ಸೂರಿ.

ಲತಾ ಅವನನ್ನು ಸಾಲ ಕೇಳಲು ಬಂದವನನ್ನು ನೋಡುವ ಹಾಗೆ ನೋಡಿದಳು. ಎ3 ಹಾಳೆಗೆ ಹೋದರೆ 12 ಮಾಸ್ಟರ್. ಹಳದಿ ಬಿಟ್ಟರೆ ಎಂಟು.

“ಹಳದಿ ಬಿಟ್ರೆ ಕೆಂಚ ಹೇಗೆ ಬರ್ತಾನೆ? ಗುಲಾಬಿ ಮೇಲೆ ಹಳದಿ ಬಿದ್ರೇನೇ ಕೇಸರಿ.”

“ಗುಲಾಬಿಯಾಗಿ ಬರಲಿ.”

ಕೆಂಚ ಮೇಜಿನ ಕೆಳಗೇ ಮಲಗಿದ್ದ. ಅವನ ಬಣ್ಣ ಬದಲಾದದ್ದು ಅವನಿಗೆ ತಿಳಿಯಲಿಲ್ಲ.

ಪ್ರತಿ ಬಣ್ಣಕ್ಕೂ ಬೇರೆ ಫೈಲ್ ಕೊಡಬೇಕು. ಫೈಲೆಲ್ಲ ಬರೀ ಕಪ್ಪು, ಬೂದು. ಯಾವ ಡ್ರಮ್ ಹಾಕುತ್ತೇವೋ ಆ ಬಣ್ಣ. “ಹಾಗಾದ್ರೆ ಕರಿಯನ್ನ ಕಪ್ಪಲ್ಲಿ ಕೊಟ್ರೆ ನೀಲಿಯಾಗಿ ಬರ್ತಾನಾ?” ಎಂದು ಮೇಷ್ಟ್ರು ಗಾಬರಿಯಾದರು. ಬರುತ್ತಾನೆ. ನುಣುಪು ಕಾಗದ ನಡೆಯದು, ಇಂಕು ಹೀರಬೇಕು. ಅಂಚಿನವರೆಗೂ ಅಚ್ಚಾಗದು. ಒಂದು ಬಣ್ಣ ಹಾಕಿ ರಾತ್ರಿಯೆಲ್ಲ ಒಣಗಲು ಬಿಡದಿದ್ದರೆ, ಎರಡನೇ ಸುತ್ತಿನಲ್ಲಿ ರೋಲರ್ ನಾಯಿಯ ಮೈಮೇಲೆ ಟೈರಿನ ಗುರುತು ಎಳೆಯುತ್ತದೆ. ಬೀದಿನಾಯಿಗೆ ಅದು ಅಪಶಕುನ.

ಸೂರಿಗೆ ಅಕ್ಷರ ಗುಲಾಬಿ, ಒತ್ತು ನೀಲಿ ಮಾಡುವ ಆಸೆ. ನಾನು ಕೈಮುಗಿದೆ. ಈ ಮೆಷಿನಿನಲ್ಲಿ ಎರಡನೇ ಬಣ್ಣ ಒಂದೆರಡು ಮಿಲಿಮೀಟರ್ ಅತ್ತಿತ್ತ ಸರಿಯುತ್ತದೆ. ‘ಅಕ್ಕ’ನ ಒತ್ತು ಪಕ್ಕದ ಮನೆಗೆ ಹೋಗಿ ಕೂತರೆ?

“ಆ ಸರಿದಿರೋದಕ್ಕೇ ಜನ ದುಡ್ಡು ಕೊಡೋದು!”

ಮೇಷ್ಟ್ರು ಲೋಟ ಕೆಳಗಿಟ್ಟರು. “ಒಂದು ಗೆರೆ ಸರಿದಿದ್ದಕ್ಕೆ ನಮ್ಮ ಹೆಡ್‌ಮಾಸ್ಟರು ಇನ್ನೂರು ಪ್ರತಿ ಮತ್ತೆ ತೆಗೆಸಿದ್ರು ಕಣಯ್ಯಾ.” ಸೂರಿ ತಂದಿದ್ದ ಮಾದರಿ ಹಾಳೆಯನ್ನು ಎತ್ತಿಕೊಂಡು ಉಜ್ಜಿದರು. ಈ ಇಂಕು ಪೂರ್ತಿ ಒಣಗುವುದೇ ಇಲ್ಲ, ಹೆಬ್ಬೆರಳು ಗುಲಾಬಿಯಾಯಿತು. ಮೂಸಿ ನೋಡಿದರು. “ವಾಸನೆಯೇ ಇಲ್ವಲ್ಲ,” ಎಂದರು, ಬೇಜಾರಿನಿಂದ.

ಅಷ್ಟರಲ್ಲಿ ಲತಾ ಬಿಲ್ಲನ್ನೇ ಅಡ್ಡಡ್ಡ, ಉದ್ದುದ್ದ ಮಡಚಿ, ನಡುವೆ ಒಂದು ಸೀಳು ಹಾಕಿ, ಎಂಟು ಪುಟದ ಪುಸ್ತಕ ಮಾಡಿ ಮುಂದಿಟ್ಟಳು. “ಎ3 ಹಾಳೆ ಒಂದೇ. ಒಂದೇ ಮಗ್ಗುಲಿಗೆ ಅಚ್ಚು. ಎರಡು ಬಣ್ಣ, ಎರಡೇ ಮಾಸ್ಟರ್. ಪಿನ್ನೂ ಬೇಡ. ಏಳು ನಾಯಿ, ಒಂದು ಮುಖಪುಟ. ಹಿಂದೆ ಪೋಸ್ಟರ್ ಬೇಕಂದ್ರೆ ಇನ್ನೆರಡು. ನೂರು ಪ್ರತಿ. ಮುಗೀತು.”

ಸೂರಿಯೂ ಒಪ್ಪಿದ. 24ರಿಂದ ನಾಲ್ಕಕ್ಕೆ ಇಳಿದಿದ್ದೆವು. ಅದೇ ಖುಷಿಗೆ ಇನ್ನೊಂದು ಬೈಟು ಹೇಳಿದೆವು.

ಲೋಟ ತೆಗೆಯಲು ಬಂದ ಹುಡುಗ ಚಿತ್ರಗಳನ್ನು ನೋಡಿ ನಕ್ಕ. “ಓ, ರಾಣಿ! ರಾತ್ರಿ ಐದು ಮರಿ ಹಾಕಿದಾಳೆ ಸಾರ್, ನಮ್ಮ ಗ್ಯಾಸ್ ರೂಮಿನ ಹಿಂದೆ.”

ಲತಾ ಬಿಲ್ಲನ್ನು ಮತ್ತೆ ಬಿಚ್ಚತೊಡಗಿದಳು.