ನಿಷೇಧಾಜ್ಞೆಯ ಪ್ರತಿ ಕೇಳಿದರೆ ಕೊಡಬೇಕಲ್ಲವೇ?

ಪ್ರಶ್ನೆ (ಬಯಲುಸೀಮೆಯವ):
ಬಡಾವಣೆಯ ಕುಡಿಯುವ ನೀರಿನ ಸಮಸ್ಯೆಯ ಬಗ್ಗೆ ಮನವಿ ಸಲ್ಲಿಸಲು ನಾವು ಮೂವತ್ತು ಮಂದಿ ತಾಲ್ಲೂಕು ಕಚೇರಿಗೆ ಹೋದಾಗ, ನಿಷೇಧಾಜ್ಞೆ ಜಾರಿಯಲ್ಲಿದೆ, ಇಬ್ಬರಷ್ಟೇ ಒಳಗೆ ಹೋಗಿ ಎಂದು ಗೇಟಿನಲ್ಲಿದ್ದ ಪೊಲೀಸರು ತಡೆದರು. ಆದೇಶದ ಪ್ರತಿ ಕೇಳಿದ್ದಕ್ಕೆ ‘ಮೇಲಿನಿಂದ ಬಂದಿದೆ’ ಎಂಬ ಉತ್ತರವಷ್ಟೇ ಸಿಕ್ಕಿತು. ಸೂಚನಾ ಫಲಕದಲ್ಲಿ ಹಳೆಯ ಹರಾಜು ಪ್ರಕಟಣೆಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಕೇಂದ್ರದ ಸುತ್ತ 200 ಮೀಟರ್ ವ್ಯಾಪ್ತಿಯ ಜೆರಾಕ್ಸ್ ಅಂಗಡಿಗಳನ್ನು ಮುಚ್ಚಿಸಿದಾಗ ನಮ್ಮಲ್ಲಿ ಯಾರೂ ತಕರಾರು ಮಾಡಿದವರಲ್ಲ. ಆದರೆ ಕಾರಣವನ್ನಾಗಲಿ ಅವಧಿಯನ್ನಾಗಲಿ ತಿಳಿಸದೆ ಬಾಯಿಮಾತಿನಲ್ಲಿ ಹೇರುವ ನಿರ್ಬಂಧಕ್ಕೆ ಕಾನೂನಿನ ಬಲ ಇದೆಯೇ?

ಉತ್ತರ 1 (ವಕೀಲ, ಧಾರವಾಡ):
ಬಾಯಿಮಾತಿನ ನಿಷೇಧಾಜ್ಞೆ ಎಂಬುದು ಕಾನೂನಿನಲ್ಲಿ ಇಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್‌ನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಬಂದಿದೆ. ಹೂರಣ ಬಹುತೇಕ ಹಳೆಯದೇ. ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ ಸಂಗತಿಗಳನ್ನು ವಿವರಿಸಿ ಲಿಖಿತವಾಗಿ ಆದೇಶಿಸಬೇಕು. ಅದರ ಆಯುಷ್ಯ ಹೆಚ್ಚೆಂದರೆ ಎರಡು ತಿಂಗಳು. ಆಮೇಲೆ ಇನ್ನೂ ಆರು ತಿಂಗಳವರೆಗೆ ವಿಸ್ತರಿಸುವ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ ಮಾತ್ರ. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ನ್ಯಾಯಯುತ ಅಭಿಪ್ರಾಯಗಳನ್ನು ಹತ್ತಿಕ್ಕಲು ಬಳಸಬಾರದು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ, ಕಾಶ್ಮೀರದ ನಿರ್ಬಂಧಗಳನ್ನು ಕುರಿತ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ.

ನಮ್ಮ ರಾಜ್ಯದ ಉದಾಹರಣೆಯೂ ಇದೆ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳ ಹೊತ್ತಿನಲ್ಲಿ, 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಮೂರು ದಿನಗಳ ನಿಷೇಧಾಜ್ಞೆ ಹೊರಡಿಸಿ, ಮೊದಲೇ ಕೊಟ್ಟಿದ್ದ ಅನುಮತಿಗಳನ್ನೂ ಹಿಂದಕ್ಕೆ ಪಡೆಯಲಾಯಿತು. ಮರುದಿನ ಟೌನ್‌ಹಾಲ್ ಎದುರು ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ಪಡೆದದ್ದು ಅನೇಕರಿಗೆ ನೆನಪಿರಬಹುದು. ಆ ಆದೇಶ ಕಾನೂನುಬಾಹಿರ ಎಂದು ಹೈಕೋರ್ಟ್ ತೀರ್ಪಿತ್ತಿತು, ಆದರೆ 2020ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಆದೇಶ ತನ್ನ ಕೆಲಸ ಮುಗಿಸಿಯಾಗಿತ್ತು. ಆದ್ದರಿಂದ ನಿಮಗೆ ಹತ್ತಿರದ ದಾರಿ ಹೈಕೋರ್ಟ್ ಅಲ್ಲ. ಆದೇಶ ಮಾಡಿದ ದಂಡಾಧಿಕಾರಿಗೇ ಅದನ್ನು ರದ್ದುಪಡಿಸುವಂತೆ ಅರ್ಜಿ ಕೊಡಬಹುದು. ಅವರು ನಿಮ್ಮ ಅಹವಾಲು ಕೇಳಬೇಕು, ತಿರಸ್ಕರಿಸಿದರೆ ಕಾರಣವನ್ನು ಬರೆದು ದಾಖಲಿಸಬೇಕು.

ಉತ್ತರ 2 (ನಿವೃತ್ತ ಶಿರಸ್ತೇದಾರ):
ವಕೀಲರು ಹೇಳಿದ್ದು ಸರಿ, ಆದರೆ ಕಚೇರಿಯ ಒಳಗಿನ ವಾಸ್ತವವನ್ನೂ ತಿಳಿದಿರಿ. ಠಾಣೆಯ ವರದಿ ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಬರುತ್ತದೆ. ಬೆಳಗಾಗುವುದರೊಳಗೆ ಆದೇಶ ಸಿದ್ಧವಿರಬೇಕಾದ್ದರಿಂದ ಹಿಂದಿನ ಕಡತದ ನಮೂನೆಯಲ್ಲೇ ದಿನಾಂಕ ತಿದ್ದಿ ಸಹಿಗೆ ಇಡುತ್ತಾರೆ. ಗಣೇಶ ವಿಸರ್ಜನೆಯ ಆದೇಶದಲ್ಲಿ ಪರೀಕ್ಷಾ ಕೇಂದ್ರದ ಹೆಸರು ಹಾಗೆಯೇ ಉಳಿದಿದ್ದ ಪ್ರತಿಯನ್ನು ನಾನೇ ನೋಡಿದ್ದೇನೆ. ನಿಮ್ಮ ಪ್ರಕರಣದಲ್ಲಿ ಆದೇಶವೇ ಇಲ್ಲದಿರುವ ಸಾಧ್ಯತೆಯೂ ಉಂಟು. ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ‘ಆದೇಶದ ಸಂಖ್ಯೆ, ದಿನಾಂಕ ತಿಳಿಸಿ ಪ್ರತಿ ನೀಡಿ, ಇಲ್ಲವಾದರೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಿ’ ಎಂದು ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಅರ್ಜಿ ಕಡತಕ್ಕೆ ಸೇರಿದ ಮೇಲೆ ಯಾರಾದರೊಬ್ಬರು ಅದರ ಮೇಲೆ ಬರೆದು ಸಹಿ ಹಾಕಲೇಬೇಕಾಗುತ್ತದೆ. ಮೇಲಿನಿಂದ ಬಂದಿದೆ ಎಂದು ಕಡತದಲ್ಲಿ ಬರೆಯಲು ಯಾರಿಗೂ ಧೈರ್ಯ ಬರುವುದಿಲ್ಲ.

ಉತ್ತರ 3 (ಬೆಂಗಳೂರು ವಾಸಿ):
ನಿಷೇಧಾಜ್ಞೆಗೆ ಅವಧಿಯಾದರೂ ಇದೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅವಧಿಯೇ ಇಲ್ಲದ ನಿರ್ಬಂಧಗಳು. ಬೆಂಗಳೂರಿನಲ್ಲಿ ಪೊಲೀಸ್ ಕಾಯ್ದೆಯಡಿ ಹೊರಡಿಸಿದ 2021ರ ಆದೇಶದ ಪ್ರಕಾರ ಪ್ರತಿಭಟನೆಗೆ ಇರುವ ಜಾಗ ಫ್ರೀಡಂ ಪಾರ್ಕ್ ಒಂದೇ, ಅಂದರೆ ಹಳೆಯ ಸೆಂಟ್ರಲ್ ಜೈಲಿನ ಆವರಣ. ಮೆರವಣಿಗೆಯಿಂದ ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬೀದಿಯಲ್ಲಿ ಸಭೆ ನಡೆಸುವುದನ್ನು ಸರ್ಕಾರ ನಿಯಂತ್ರಿಸಬಹುದೇ ಹೊರತು ಪೂರ್ತಿಯಾಗಿ ಇಲ್ಲವಾಗಿಸುವಂತಿಲ್ಲ ಎಂಬುದು ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದ ಕಾಲದಿಂದಲೂ ಸುಪ್ರೀಂ ಕೋರ್ಟಿನ ನಿಲುವು. ಇಡೀ ನಗರಕ್ಕೆ ಒಂದೇ ಮೈದಾನ ಎಂಬುದು ನಿಯಂತ್ರಣವೋ ನಿಷೇಧವೋ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಇನ್ನೂ ತೀರ್ಮಾನವಾಗಿಲ್ಲ.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು. ಆದೇಶದ ಪ್ರತಿಗಾಗಿ ಒಂದು ಅರ್ಜಿ, ನೀರಿನ ಬಗ್ಗೆ ಇನ್ನೊಂದು, ಎರಡನ್ನೂ ಸೋಮವಾರ ಟಪಾಲಿಗೆ ಕೊಡುತ್ತೇವೆ. ಒಳಗೆ ಹೋಗಲು ಇಬ್ಬರೇ ಸಾಕು. ಕೆಳಗೆ ಸಹಿ ಮಾತ್ರ ಮೂವತ್ತು ಮಂದಿಯದೂ ಇರುತ್ತದೆ.