ಮುಟ್ಟಿನ ಹೊಟ್ಟಿನೋವಿಗೆ ಗುಳಿಗಿ, ಬಿಸಿ ಶಾಖ, ವ್ಯಾಯಾಮ: ಹಾಸ್ಟೆಲ್‌ನಾಗ ಹೋಲಿಸಿ ನೋಡೋ ಅಧ್ಯಯನಕ್ಕ ಸಲಹೆ ಬೇಕು

ಸಪ್ತಾಪುರ_ನರ್ಸಿಂಗ್ (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಕ್ಕ ಈ ವಿಷಯ ಆರಿಸೀನಿ: ಎರಡು ಲೇಡೀಸ್ ಹಾಸ್ಟೆಲ್‌ನ 18ರಿಂದ 24 ವರ್ಷದ ಹುಡುಗ್ಯಾರಿಗೆ ಮುಟ್ಟಿನ ನೋವು ಬಂದಾಗ ಮೆಫೆನಾಮಿಕ್ ಆಸಿಡ್ ಗುಳಿಗಿ, ಹಾಟ್ ವಾಟರ್ ಬ್ಯಾಗ್, ವ್ಯಾಯಾಮ ಈ ಮೂರರಾಗ ಯಾವುದು ಹೆಚ್ಚು ಆರಾಮ ಕೊಡ್ತೈತಿ ಅಂತ. ಸದ್ಯದ ಯೋಜನೆ ಹಿಂಗೈತಿ: ಮೂರು ಗುಂಪು, ಗುಂಪಿಗೆ 30 ಮಂದಿ, ಒಂದ ತಿಂಗಳು. ಮುಟ್ಟಾದ ಎರಡನೇ ದಿನ ಸಂಜಿಮುಂದ 0ಯಿಂದ 10ರ ಅಂಕದಾಗ ನೋವು ಎಷ್ಟೈತಿ ಅಂತ ಒಮ್ಮೆ ಕೇಳೋದು.

30 ಮಂದಿ ಸಾಕಾಗ್ತಾರೇನು? ಗುಳಿಗಿ ಎಷ್ಟು, ಯಾವಾಗ? ಬ್ಯಾಗ್‌ನ ನೀರು ಎಷ್ಟು ಬಿಸಿ ಇರಬೇಕು? ಶುಂಠಿ ಇಲ್ಲಾ ವಿಟಮಿನ್ ಬಿ1 ಅಂತ ನಾಲ್ಕನೇ ಗುಂಪು ಸೇರಿಸು ಅಂತ ಕೆಲವರು ಹೇಳಾಕತ್ತಾರ. ತಿಳದವರು ಹೇಳ್ರಿ.

ಅಂಕಿಗಣತಿ (ಧಾರವಾಡ)

ಎಷ್ಟು ಮಂದಿ ಅನ್ನೋದಕ್ಕಿಂತ ಮೊದಲ ಯಾವ ಹೊತ್ತಿನಾಗ ಕೇಳ್ತೀರಿ ಅನ್ನೋದು ಸರಿಮಾಡ್ಕೊಳ್ರಿ. ಎರಡನೇ ದಿನ ಸಂಜಿಗೆ ಒಮ್ಮೆ ಕೇಳಿದ್ರ ಮೂರೂ ಗುಂಪು ಹೆಚ್ಚುಕಡಿಮಿ ಒಂದ ಅಂಕಿ ಕೊಡ್ತಾವ. ಗರ್ಭಕೋಶ ಹಿಂಡಿ ನೋವು ತರೋ ಪ್ರೊಸ್ಟಗ್ಲಾಂಡಿನ್ ಅನ್ನೋ ವಸ್ತುವಿನ ಬಹುಪಾಲು ಬಿಡುಗಡೆ ಆಗೋದು ಮೊದಲ 48 ತಾಸಿನಾಗ. ಎರಡನೇ ದಿನ ಸಂಜಿ ಅನ್ನೋದ್ರಾಗ ಎಷ್ಟೋ ಮಂದಿಗೆ ನೋವು ತಾನ ಇಳದಿರ್ತದ. ಆ ಇಳಿತ ಗುಳಿಗಿದೋ, ಬ್ಯಾಗಿಂದೋ, ಬರೇ ಹೊತ್ತಿಂದೋ ಹೇಳಲಿಕ್ಕೆ ಬರೂದಿಲ್ಲ.

ನೋವು ಶುರುವಾದ ಹೊತ್ತನ್ನ ಸೊನ್ನೆ ಅಂತ ಹಿಡೀರಿ. ಉಪಚಾರಕ್ಕಿಂತ ಮೊದಲ ಒಂದು ಅಂಕ, ಆಮ್ಯಾಲ 1, 2, 4, 8 ತಾಸಿಗೆ ಒಂದೊಂದು, ಮುಂದ 72 ತಾಸಿನ ತನಕ ಮುಂಜಾನೆ ಒಮ್ಮೆ, ಸಂಜಿ ಒಮ್ಮೆ. ಎಲ್ಲಾ ಸೇರಿಸಿ ಕಡಿಗೆ ಒಂದ ಸಲ ನೆನಪಿನಿಂದ ತುಂಬಿಸಬ್ಯಾಡ್ರಿ. ನೆನಪಿನಾಗ ಉಳಿಯೋದು ಅತಿ ಕೆಟ್ಟ ತಾಸು ಒಂದ. 0–10ರ ಬದಲು 100 ಮಿ.ಮೀ. ಗೆರಿ ಮ್ಯಾಲ ಗುರುತು ಹಾಕಸ್ತೀರಂದ್ರ ಹಾಳಿ ಜೆರಾಕ್ಸ್ ಆದಮ್ಯಾಲ ಗೆರಿಯನ್ನ ಸ್ಕೇಲಿನಿಂದ ಅಳೀರಿ. ಪ್ರಿಂಟ್ ಮಾಡುವಾಗ 'ಪುಟಕ್ಕೆ ಹೊಂದಿಸು' ಅಂತ ಇದ್ರ ಗೆರಿ ಸಣ್ಣದಾಗಿ ಬರ್ತದ, ಯಾರೂ ನೋಡೂದಿಲ್ಲ.

ಇನ್ನ ಮಂದಿ ಲೆಕ್ಕ. ಅಂಕಗಳ ಹರವು, ಅಂದ್ರ ಎಸ್.ಡಿ., 25 ಮಿ.ಮೀ., ಗುಂಪುಗಳ ನಡುವ 15 ಮಿ.ಮೀ. ಅಂತರ ಹಿಡೀಬೇಕು, 80% ಪವರ್ (ಅಂತರ ಖರೇ ಇದ್ರ 100ಕ್ಕ 80 ಸಲ ಅದು ಸಿಗೋದು), 5% ಮಟ್ಟ (ಅಂತರ ಇಲ್ದಾಗ ಅದ ಅನ್ನೋ ತಪ್ಪು 100ಕ್ಕ 5 ಸಲ) ಅಂತ ಇಟ್ಕೊಳ್ರಿ. 2 × 7.84 × 625 ÷ 225 (7.84 ಆ ಪವರ್, ಮಟ್ಟದಿಂದ ಬರೋ ಅಂಕಿ; 625, 225 ಅಂದ್ರ 25, 15ರ ವರ್ಗ), ಅಂದ್ರ ಗುಂಪಿಗೆ 44. ಮೂರು ಗುಂಪು ಅಂದಕೂಡ್ಲೇ ಮೂರು ಹೋಲಿಕೆ ಆಗ್ತಾವ. ಹೋಲಿಕೆ ಹೆಚ್ಚಾದ್ರೂ ತಪ್ಪು ಹೆಚ್ಚಾಗದಂಗ ಆ 5% ಮಟ್ಟ ಬಿಗಿ ಮಾಡೋ ಬಾನ್‌ಫೆರೋನಿ ತಿದ್ದುಪಡಿ ಹಾಕಿದ್ರ ಗುಂಪಿಗೆ 59. ಅದ್ರಾಗ ನೂರಕ್ಕ 20 ಮಂದಿ ಬಿಟ್ಟುಹೋಗ್ತಾರಂತ ಹಿಡಿದ್ರ 74. ಮೂರು ಗುಂಪಿಗೆ 222. ಎರಡು ಹಾಸ್ಟೆಲ್‌ನಾಗ ನೋವಿರೋ 222 ಹುಡುಗ್ಯಾರು ಸಿಗೂದು ಕಷ್ಟ.

ವ್ಯಾಯಾಮ ಬಿಟ್ಟುಬಿಡ್ರಿ ಅಂತ ನನ್ನ ಸಲಹೆ. ಗುಳಿಗಿ ಮತ್ತ ಶಾಖ ಎರಡನ್ನ ಅದಲು-ಬದಲು ವಿಧಾನದಾಗ ನೋಡ್ರಿ: ಅರ್ಧ ಮಂದಿಗೆ ಮೊದಲ ತಿಂಗಳು ಗುಳಿಗಿ, ಮುಂದಿನ ತಿಂಗಳು ಶಾಖ, ಉಳಿದ ಅರ್ಧಕ್ಕ ಉಲ್ಟಾ. ಹುಡುಗಿಯನ್ನ ಆಕಿ ಜೋಡಿನ ಹೋಲಿಸೋದ್ರಿಂದ ಹರವು ಕಡಿಮಿ ಆಗ್ತದ. ಎರಡು ತಿಂಗಳ ಅಂಕಗಳ ನಡುವ 0.5 ಸಹಸಂಬಂಧ (ಅಂಕಗಳು ಜೋಡಿಯಾಗಿ ಏರಿಳಿಯೋ ಅಳತಿ) ಹಿಡಿದ್ರ 22 ಮಂದಿ ಸಾಕು, ಬಿಟ್ಟುಹೋಗೋರನ್ನ ಸೇರಿಸಿ 28. ನೀವು 30 ತಗೊಳ್ರಿ. ಎರಡು ಮುಟ್ಟಿನ ನಡುವಿನ ಅಂತರಾನ ಔಷಧ ಮೈಯಿಂದ ಪೂರಾ ಹೋಗಲಿಕ್ಕೆ ಸಾಕು. ವ್ಯಾಯಾಮದ ಪರಿಣಾಮ ಮುಂದಿನ ತಿಂಗಳಿಗೂ ಉಳೀತದ, ಅದಕ್ಕ ಅದು ಈ ವಿಧಾನಕ್ಕ ಹೊಂದೂದಿಲ್ಲ.

ಇನ್ನೊಂದು ಗುಂಡಿ ಅದ. 'ಈ ತಿಂಗಳು ನೋವು ಭಾಳ ಆತು' ಅಂದವರನ್ನಷ್ಟ ಆರಿಸಿದ್ರ ಮುಂದಿನ ತಿಂಗಳು ಏನೂ ಕೊಡದಿದ್ರೂ ಸರಾಸರಿ ಇಳೀತದ. ಉಪಚಾರ ಶುರು ಮಾಡೂಕಿಂತ ಮೊದಲ ಎರಡು ಮುಟ್ಟಿನ ಅಂಕ ಬರಕೊಂಡು, ಎರಡರ ಸರಾಸರಿ ಮ್ಯಾಲ ಆರಿಸ್ರಿ. ಒಟ್ಟು ನಾಲ್ಕು ಮುಟ್ಟು ಬೇಕಾಗ್ತಾವ. ಒಂದ ತಿಂಗಳಿನಾಗ ಇದು ಮುಗಿಯೋ ಕೆಲಸಲ್ಲ ಅಂತ ಗೈಡ್‌ಗೆ ಈಗ ಹೇಳಿಬಿಡ್ರಿ.

ಗುಳಿಗಿ_ಲೆಕ್ಕ (ಗದಗ, ಫಾರ್ಮಸಿ)

ಮ್ಯಾಲಿನವರು ಹೊತ್ತಿನ ಮಾತು ಹೇಳಿದ್ರು, ಗುಳಿಗಿಗೆ ಅದು ಇನ್ನೂ ಹೆಚ್ಚು ಲಾಗೂ ಆಗ್ತೈತಿ. 1957ರಾಗ ಪಿಕಲ್ಸ್ ಅನ್ನೋ ಇಂಗ್ಲೆಂಡಿನ ಸಂಶೋಧಕರು ಮುಟ್ಟಿನ ಸ್ರಾವದಾಗ ಸ್ನಾಯು ಹಿಂಡೋ ವಸ್ತು ಐತಿ ಅಂತ ತೋರಿಸಿದ್ರು. ಅದು ಪ್ರೊಸ್ಟಗ್ಲಾಂಡಿನ್ ಅಂತ ಆಮ್ಯಾಲ ಗೊತ್ತಾತು. 1971ರಾಗ ಜಾನ್ ವೇನ್ ಆಸ್ಪಿರಿನ್ ಜಾತಿಯ ಔಷಧಗಳು ಪ್ರೊಸ್ಟಗ್ಲಾಂಡಿನ್ ತಯಾರಾಗೋದನ್ನ ತಡೀತಾವ ಅಂತ ತೋರಿಸಿದ್ರು. ತಯಾರಾಗೋದನ್ನ ತಡಿಯೋ ಗುಳಿಗಿ, ಆಗಲೇ ತಯಾರಾಗಿ ಗರ್ಭಕೋಶ ಹಿಂಡಾಕತ್ತಿರೋದನ್ನ ಅಳಿಸೋದಿಲ್ಲ. ಹಾಸಿಗ್ಯಾಗ ಮುದುಡಿ ಬಿದ್ದು, ವಾಂತಿ ಶುರುವಾದಮ್ಯಾಲ ನುಂಗಿದ್ರ ಗುಳಿಗಿ ಹೊಟ್ಟ್ಯಾಗ ನಿಲ್ಲೂದೂ ಇಲ್ಲ. ಹಿಂಗ ತಡ ಮಾಡಿ ತಗೊಂಡವರ ಅಂಕ ಸೇರಿದ್ರ ನಿಮ್ಮ ಅಧ್ಯಯನದಾಗ ಗುಳಿಗಿ 'ಸೋತಂಗ' ಕಾಣ್ತೈತಿ. ನೋವಿನ ಮೊದಲ ಸುಳಿವು, ಇಲ್ಲಾ ಸ್ರಾವ ಕಾಣೋದು, ಯಾವುದು ಮೊದಲೋ ಆಗ ನುಂಗಬೇಕು. ನುಂಗಿದ ಹೊತ್ತನ್ನ ಹಾಳ್ಯಾಗ ಬರಿಸ್ರಿ.

ಪ್ರಮಾಣ: ಮೆಫೆನಾಮಿಕ್ ಆಸಿಡ್ 500 ಮಿ.ಗ್ರಾಂ., ದಿನಕ್ಕ ಮೂರು ಸಲ, ಊಟ ಇಲ್ಲಾ ನಾಷ್ಟಾ ಆದಮ್ಯಾಲ, ಎರಡರಿಂದ ಮೂರು ದಿನ. ರಕ್ತದಾಗ ಅದರ ಮಟ್ಟ ತುದಿಗೆ ಮುಟ್ಟಾಕ 2ರಿಂದ 4 ತಾಸು ಬೇಕು. ಅರ್ಧಾಯುಷ್ಯ, ಅಂದ್ರ ರಕ್ತದಾಗಿನ ಮಟ್ಟ ಅರ್ಧಕ್ಕ ಇಳಿಯೋ ಹೊತ್ತು, ಸುಮಾರು 2 ತಾಸು. ಅದಕ್ಕ ಒಂದು ತಾಸಿನ ಅಂಕ ನೋಡಿ ತೀರ್ಪು ಕೊಡಬ್ಯಾಡ್ರಿ. ಹೋಲಿಕೆಗೆ ಐಬುಪ್ರೊಫೆನ್ 400 ಮಿ.ಗ್ರಾಂ. 1–2 ತಾಸಿನಾಗ ತುದಿಗೆ ಹೋಗ್ತೈತಿ, ಇದೂ ಬೇಗ ಇಳೀತೈತಿ. ನ್ಯಾಪ್ರೊಕ್ಸೆನ್ ಅರ್ಧಾಯುಷ್ಯ 12ರಿಂದ 17 ತಾಸು. ರಾತ್ರಿ ನೋವಿಗೆ ಎಚ್ಚರಾಗೋರಿಗೆ ಅದು ಹೆಚ್ಚು ಹೊಂದ್ತೈತಿ.

ಹಾಸ್ಟೆಲ್‌ನಾಗ ಎಲ್ಲಾ ಗುಳಿಗಿಗೂ 'ಮೆಫ್ಟಾಲ್' ಅಂತಾರ, ಎಚ್ಚರ ಇರಲಿ. ಮೆಫ್ಟಾಲ್ ಸ್ಪಾಸ್‌ನಾಗ ಮೆಫೆನಾಮಿಕ್ 250 ಮಾತ್ರ, ಜೋಡಿ ಡೈಸೈಕ್ಲೋಮಿನ್ 10 ಮಿ.ಗ್ರಾಂ. ಡೈಸೈಕ್ಲೋಮಿನ್ ಬಾಯಿ ಒಣಗಿಸ್ತೈತಿ, ಕಣ್ಣು ಮಂಜು ಮಾಡ್ತೈತಿ, ಕೆಲವರಿಗೆ ನಿದ್ದಿ ತರ್ತೈತಿ. ಪರೀಕ್ಷೆ ದಿನ ಬ್ಯಾಡಾದ ಕೆಲಸ. ಟ್ರಾನೆಕ್ಸಾಮಿಕ್ ಆಸಿಡ್ ಕೂಡಿಸಿದ ಗುಳಿಗಿ ಪಟ್ಟಿಯೂ ಅಂಗಡ್ಯಾಗ ಸಿಗ್ತೈತಿ. ಟ್ರಾನೆಕ್ಸಾಮಿಕ್ ಸ್ರಾವ ಕಡಿಮಿ ಮಾಡೋದಕ್ಕ, ನೋವಿಗಲ್ಲ. ನಿಮ್ಮ ಅಧ್ಯಯನದಾಗ ಒಂದ ಔಷಧ, ಒಂದ ಪ್ರಮಾಣ, ಒಂದ ಬ್ಯಾಚ್ ಇರಬೇಕು.

ಇದು ಶೆಡ್ಯೂಲ್ ಎಚ್ ಔಷಧ. ಡಾಕ್ಟರ್ ಚೀಟಿ ಇಲ್ದ ನೀವು ಹಂಚಾಕ ಬರೂದಿಲ್ಲ, ಸ್ತ್ರೀರೋಗ ವಿಭಾಗದವರೊಬ್ಬರನ್ನ ಸಹ-ಮಾರ್ಗದರ್ಶಕರಾಗಿ ಹಾಕ್ಕೊಳ್ರಿ. ಹೊಟ್ಟಿಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ಪಿರಿನ್‌ಗೆ ದಮ್ಮು ಬರೋರು, ಬಸುರಿ ಇರಬಹುದಾದವರು ಸೇರಬಾರದು. ಮಳಿಗಾಲದಾಗ ಜ್ವರ ಬಂದು ಡೆಂಗಿ ಅನುಮಾನ ಇದ್ರ ಈ ಜಾತಿ ಗುಳಿಗಿ ಬ್ಯಾಡವೇ ಬ್ಯಾಡ. 2023ರ ನವೆಂಬರ್‌ನಾಗ ಭಾರತೀಯ ಔಷಧಕೋಶ ಆಯೋಗ ಮೆಫೆನಾಮಿಕ್‌ನಿಂದ 'ಡ್ರೆಸ್' ಅನ್ನೋ ಗಂಭೀರ ಅಲರ್ಜಿ ಬರಬಹುದಂತ ಎಚ್ಚರಿಕೆ ಕೊಟ್ಟೈತಿ. ಅಪರೂಪ, ಆದ್ರ ಔಷಧ ತಗೊಂಡು 2ರಿಂದ 8 ವಾರದ ನಡುವ ಜ್ವರ, ಮೈತುಂಬ ಗುಳ್ಳಿ, ಗ್ರಂಥಿ ಊತ ಕಂಡ್ರ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಒಪ್ಪಿಗೆ ಪತ್ರದಾಗ ಇದನ್ನ ಕನ್ನಡದಾಗ ಬರೀರಿ.

ಶಾಖ_ಕರೆಂಟು (ಹುಬ್ಬಳ್ಳಿ, ಫಿಜಿಯೋಥೆರಪಿ)

ಶಾಖದ ಮೇಲೆ ಹೆಚ್ಚು ಉಲ್ಲೇಖವಾಗುವ ಪ್ರಯೋಗ 2001ರದು. ಕಿಬ್ಬೊಟ್ಟೆ ಮೇಲೆ 38.9 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುವ ಪಟ್ಟಿಯನ್ನು ದಿನಕ್ಕೆ ಸುಮಾರು 12 ತಾಸಿನಂತೆ ಎರಡು ದಿನ ಇಟ್ಟರು. ಐಬುಪ್ರೊಫೆನ್ 400 ಮಿ.ಗ್ರಾಂ. ದಿನಕ್ಕೆ ಮೂರು ಸಲ ತಗೊಂಡವರಷ್ಟೇ ಆರಾಮ ಸಿಕ್ಕಿತು. ಇಲ್ಲಿ ಗಮನಿಸಬೇಕಾದ್ದು ಬಿಸಿಯಲ್ಲ, 12 ತಾಸು. ರಬ್ಬರ್ ಬ್ಯಾಗ್ ಬೇಗ ಆರುತ್ತದೆ. 'ದಿನಕ್ಕೆ ಎರಡು ಸಲ 15 ನಿಮಿಷ' ಅಂತ ಇಟ್ಟುಕೊಂಡು ಶಾಖ ಕೆಲಸ ಮಾಡಲಿಲ್ಲ ಎಂದು ಬರೆದರೆ ನೀವು ಪರೀಕ್ಷಿಸಿದ್ದು ಶಾಖವನ್ನಲ್ಲ, ಚೂರು ಶಾಖವನ್ನು.

ಕುದಿಯುವ ನೀರು ಬೇಡ. 50ರಿಂದ 60 ಡಿಗ್ರಿ ನೀರು, ಬ್ಯಾಗಿನ ಮೂರರಲ್ಲಿ ಎರಡು ಪಾಲು, ಮುಚ್ಚಳ ಹಾಕುವ ಮೊದಲು ಒತ್ತಿ ಗಾಳಿ ತೆಗೆಯಿರಿ. ಗಾಳಿ ಉಳಿದರೆ ಬ್ಯಾಗ್ ಉಬ್ಬಿ ಹೊಟ್ಟೆಗೆ ಸರಿಯಾಗಿ ಕೂಡುವುದಿಲ್ಲ. ಎರಡು ಪದರು ಹತ್ತಿ ಬಟ್ಟೆ ಸುತ್ತಿ, ಬಟ್ಟೆ ಮತ್ತು ಚರ್ಮದ ನಡುವೆ ಥರ್ಮಾಮೀಟರ್ ತುದಿ ಇಟ್ಟು ನೋಡಿ. 39–40 ಡಿಗ್ರಿ ಇದ್ದರೆ ಸಾಕು. ಅದಕ್ಕಿಂತ ಕೆಳಗೆ ಇಳಿದಾಗ ನೀರು ಬದಲಿಸಬೇಕು. ಎಷ್ಟು ನಿಮಿಷಕ್ಕೆ ಇಳಿಯುತ್ತದೆ ಎಂದು ಅಧ್ಯಯನಕ್ಕೆ ಮೊದಲೇ ನಿಮ್ಮ ಬ್ಯಾಗಿನಲ್ಲೇ ಅಳೆದು ಇಟ್ಟುಕೊಳ್ಳಿ. ಹಾಸ್ಟೆಲ್‌ನಲ್ಲಿ ಸೋಲಾರ್ ನೀರು ಮುಂಜಾನೆ ಒಂದು ಹೊತ್ತು ಮಾತ್ರ, ಕೋಣೆಯಲ್ಲಿ ಕೆಟಲ್‌ಗೆ ವಾರ್ಡನ್ ಬಿಡುವುದಿಲ್ಲ. ಇದಕ್ಕೆ ಮೊದಲೇ ಲಿಖಿತ ಅನುಮತಿ ಬೇಕು, ಇಲ್ಲದಿದ್ದರೆ ಶಾಖದ ತಿಂಗಳು ಅಲ್ಲೇ ಕೆಡುತ್ತದೆ. ಕರೆಂಟಿನ ಜೆಲ್ ಬ್ಯಾಗ್ ಬಳಸಿದರೆ ಚಾರ್ಜ್ ಆಗುವಾಗ ಮೈಮೇಲೆ ಇಡಬಾರದು, ಇಟ್ಟುಕೊಂಡೇ ನಿದ್ದೆ ಹೋಗಬಾರದು. ತಿಂಗಳು ತಿಂಗಳು ಅತಿ ಬಿಸಿ ಇಟ್ಟವರ ಹೊಟ್ಟೆ ಮೇಲೆ ಕಂದು ಬಣ್ಣದ ಬಲೆಯಂಥ ಕಲೆ ಬೀಳುತ್ತದೆ.

ಕೇಳದಿದ್ದರೂ ಒಂದು ಮಾತು: ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಟ್ಟು ನೋವು ಇಳಿಸುವ ಟೆನ್ಸ್ ಯಂತ್ರವನ್ನೂ ಯಾರಾದರೂ ಸೂಚಿಸುತ್ತಾರೆ. ಹೆಚ್ಚಿನ ಆವರ್ತನ, ಅಂದರೆ 50ರಿಂದ 120 ಹರ್ಟ್ಸ್‌ನದಕ್ಕೆ ಪರವಾದ ಪುರಾವೆ ಇದೆ. ಆದರೆ ಹೋಲಿಕೆಗೆ ಸುಳ್ಳು ಯಂತ್ರ ಇಡುವುದು ಕಷ್ಟ. ಕರೆಂಟ್ ಜುಮ್ಮೆನ್ನದಿದ್ದರೆ ಹುಡುಗಿಗೆ ತಕ್ಷಣ ಗೊತ್ತಾಗುತ್ತದೆ.

ವ್ಯಾಯಾಮ ಬಿಡಿ ಅಂದದ್ದನ್ನು ನಾನೂ ಒಪ್ಪುತ್ತೇನೆ. 2019ರ ಕಾಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ವರದಿ) ವಾರಕ್ಕೆ ಮೂರು ಸಲವಾದರೂ 45ರಿಂದ 60 ನಿಮಿಷ ಮಾಡಿದವರಲ್ಲಿ 100ಕ್ಕೆ ಸುಮಾರು 25 ಅಂಕ ನೋವು ಇಳಿಯಿತು ಎನ್ನುತ್ತದೆ, ಪುರಾವೆಯ ಗಟ್ಟಿತನ ಮಾತ್ರ ಕಡಿಮೆ. ಅದು ತಿಂಗಳಿಡೀ ಮಾಡುವ ಕೆಲಸ. ನೋವು ಬಂದ ದಿನ ಮಾಡಿಸಿ ಎರಡು ತಾಸಿಗೆ ಅಂಕ ಕೇಳುವಂಥದ್ದಲ್ಲ.

ಹಾವೇರಿ_ಸ್ತ್ರೀರೋಗ

ಬೇರೆ ಕಾಯಿಲೆಯಿಂದ ಮುಟ್ಟಿನ ನೋವು ಬರುವವರನ್ನು ಹೇಗೆ ಬೇರ್ಪಡಿಸಬೇಕು ಎಂಬುದನ್ನು ಯಾರೂ ಎತ್ತಲಿಲ್ಲ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು), ಅಡಿನೊಮಯೋಸಿಸ್ (ಅದು ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು) ಇರುವವರು ಬೆರೆತರೆ ಗುಳಿಗೆಯೂ ಶಾಖವೂ ಸೋತಂತೆ ಕಾಣುತ್ತವೆ. ಸಾಮಾನ್ಯ ಮುಟ್ಟಿನ ನೋವು ಸ್ರಾವದ ಜೊತೆ ಅಥವಾ ಕೆಲವೇ ತಾಸು ಮೊದಲು ಶುರುವಾಗಿ 8ರಿಂದ 72 ತಾಸಿನಲ್ಲಿ ಮುಗಿಯುತ್ತದೆ. ಮೈನೆರೆದು ಆರು ತಿಂಗಳು, ವರ್ಷವಾದ ಮೇಲೆ, ಅಂಡೋತ್ಪತ್ತಿ ಸರಿಯಾಗಿ ಶುರುವಾದಾಗ ಕಾಣಿಸಿಕೊಳ್ಳುತ್ತದೆ.

ಇವರನ್ನು ಸೇರಿಸದೆ ನಮ್ಮಂಥವರ ಬಳಿ ಕಳಿಸಿ: ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋಯುವವರು, ಮುಟ್ಟಿನಲ್ಲಿ ಮಲವಿಸರ್ಜನೆಗೆ ಹೋದಾಗ ನೋವು ಬರುವವರು, ಮೊಟ್ಟಮೊದಲ ಮುಟ್ಟಿನಿಂದಲೇ ಭಾರಿ ನೋವಿದ್ದವರು, ವರ್ಷದಿಂದ ವರ್ಷಕ್ಕೆ ನೋವು ಏರುತ್ತಿರುವವರು, ಮೂರು ತಿಂಗಳು ಸರಿಯಾದ ಪ್ರಮಾಣದಲ್ಲಿ ಗುಳಿಗೆ ತಗೊಂಡರೂ ಇಳಿಯದವರು. ಸ್ಕ್ಯಾನಿಂಗ್ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಒಳಗೆ ತಗೊಳ್ಳಬೇಡಿ. ಮೇಲ್ಪದರದ ಎಂಡೊಮೆಟ್ರಿಯೋಸಿಸ್ ಸ್ಕ್ಯಾನಿಂಗ್‌ನಲ್ಲಿ ಕಾಣದೆ ಇರಬಹುದು. ಹಾರ್ಮೋನ್ ಗುಳಿಗೆ ತಗೊಳ್ಳುತ್ತಿರುವವರೂ ಬೇಡ, ಅವರಿಗೆ ನೋವು ಮೊದಲೇ ಇಳಿದಿರುತ್ತದೆ.

ಸಪ್ತಾಪುರ_ನರ್ಸಿಂಗ್

ಎಲ್ಲಾರಿಗೂ ಧನ್ಯವಾದ್ರಿ. ವ್ಯಾಯಾಮ ತಗದೀನಿ, ಅದಲು-ಬದಲು, 30 ಮಂದಿ, ನಾಲ್ಕು ಮುಟ್ಟು ಅಂತ ಬದಲಿಸೀನಿ. ಎರಡು ಪ್ರಶ್ನೆ ಉಳದಾವ. ಶಾಖದ ತಿಂಗಳು ನೋವು ತಡಿಲಿಕ್ಕೆ ಆಗದ ಗುಳಿಗಿ ಕೇಳಿದ್ರ ಕೊಡೋದೋ ಬ್ಯಾಡೋ? ಬಿ1, ಶುಂಠಿ ಮಾತು ಯಾರೂ ಹೇಳಲಿಲ್ಲ.

ಗುಳಿಗಿ_ಲೆಕ್ಕ

ಬಿ1 ಹುಚ್ಚು ನಮ್ಮ ದೇಶದ ಪ್ರಯೋಗದಿಂದಾನ ಬಂದದ್ದು. 1996ರಾಗ ಗೋಖಲೆ ಅನ್ನೋರು 12ರಿಂದ 21 ವರ್ಷದ 556 ಹುಡುಗ್ಯಾರಿಗೆ ದಿನಕ್ಕ 100 ಮಿ.ಗ್ರಾಂ. ಥಯಾಮಿನ್ 90 ದಿನ ಕೊಟ್ಟು 87% ಪೂರಾ ಗುಣ ಅಂತ ಬರದ್ರು. ಅಂಕಿ ಅಷ್ಟು ದೊಡ್ಡದಿರೋದ ಅನುಮಾನಕ್ಕ ಕಾರಣ. 2015ರ ಕಾಕ್ರೇನ್ ವಿಮರ್ಶೆಯ ಲೆಕ್ಕದಾಗ ಸುಳ್ಳು ಗುಳಿಗಿಯಿಂದ 18% ಮಂದಿಗೆ ಆರಾಮ ಸಿಕ್ಕಲ್ಲಿ ಮೆಫೆನಾಮಿಕ್ ಜಾತಿಯವು 45ರಿಂದ 53% ಮಂದಿಗೆ ಆರಾಮ ಕೊಡ್ತಾವ, ಅಷ್ಟ. ಯಾವ ಪೂರಕಕ್ಕೂ ಗಟ್ಟಿ ಪುರಾವೆ ಇಲ್ಲ ಅಂತ 2016ರ ವಿಮರ್ಶೆ ಹೇಳ್ತು.

ಶುಂಠಿ ಪ್ರಯೋಗದಾಗ ಒಣಶುಂಠಿ ಪುಡಿ ದಿನಕ್ಕ 750ರಿಂದ 2000 ಮಿ.ಗ್ರಾಂ., ಮುಟ್ಟಿನ ಮೊದಲ 3–4 ದಿನ ಕೊಟ್ಟಾರ. ಚಹಾಕ್ಕ ಜಜ್ಜಿ ಹಾಕಿದ್ದು ಎಷ್ಟು ಹೊಟ್ಟಿಗೆ ಹೋತು ಅಂತ ಅಳಿಯಾಕ ಬರೂದಿಲ್ಲ; ಮಾಡಿದ್ರ ಕ್ಯಾಪ್ಸೂಲ್‌ನಾಗ ಮಾಡಬೇಕು. ಅದ್ರಾಗೂ ತೇಗಿನ ವಾಸನಿಗೆ ಯಾವ ಗುಂಪು ಅಂತ ಗೊತ್ತಾಗಿಬಿಡ್ತೈತಿ. ಈ ಸಲ ಬ್ಯಾಡ.

ಅಂಕಿಗಣತಿ

ಕೇಳಿದ್ರ ಗುಳಿಗಿ ಕೊಡಲೇಬೇಕು. ಕೊಡೂದಿಲ್ಲಂದ್ರ ನೈತಿಕ ಸಮಿತಿ ಒಪ್ಪೂದಿಲ್ಲ, ಒಪ್ಪಲೂಬಾರದು. ಆದ್ರ ಎರಡು ತಾಸು ಕಾಯಲಿಕ್ಕೆ ಕೇಳ್ಕೊಳ್ರಿ, ಗುಳಿಗಿಗಿಂತ ಮೊದಲ ಒಂದು ಅಂಕ ಬರಸ್ರಿ, ಯಾವ ಹೊತ್ತಿಗೆ ಎಷ್ಟು ತಗೊಂಡ್ರು ಅಂತ ಬರಸ್ರಿ. ಗುಳಿಗಿ ಆದಮ್ಯಾಲಿನ ಅಂಕಗಳನ್ನ ಶಾಖದ ಖಾತೆಗೆ ಹಾಕಬ್ಯಾಡ್ರಿ. ಗುಳಿಗಿ ಮೊದಲಿನ ಕಡಿಯ ಅಂಕಾನ ಮುಂದಿನ ತಾಸುಗಳಿಗೂ ಹಿಡೀರಿ, ಮತ್ತ ಎಷ್ಟು ಮಂದಿ ಕೇಳಿದ್ರು ಅನ್ನೋದನ್ನ ಬ್ಯಾರೆ ಫಲಿತಾಂಶವಾಗಿ ಕೊಡ್ರಿ. ಕೋಣಿ ಗೆಳತ್ಯಾರ ಕಡೆ ಗುಳಿಗಿ ಪಟ್ಟಿ ಇದ್ದ ಇರ್ತದ. ಕೇಳಿ ತಗೊಂಡದ್ದನ್ನ ಬೈದ್ರ ಮುಂದಿನ ಸಲ ಮುಚ್ಚಿಡ್ತಾರ.

ಯಾರಿಗೆ ಮೊದಲ ಯಾವುದು ಅನ್ನೋದು ನೀವು ಆರಿಸೋ ಹಂಗಿರಬಾರದು. ಕಂಪ್ಯೂಟರ್‌ನಿಂದ 4 ಮತ್ತ 6 ಮಂದಿಯ ಬ್ಲಾಕ್‌ನಾಗ (ಪ್ರತಿ ಬ್ಲಾಕ್‌ನಾಗ ಎರಡೂ ಸರದಿಗೆ ಸಮ ಮಂದಿ) ಹೆಸರಿನ ಪಟ್ಟಿ ತಗಸಿ, ಬೆಳಕಿಗೆ ಹಿಡಿದ್ರೂ ಒಳಗಿಂದು ಕಾಣದ ಲಕೋಟಿಯೊಳಗ ಹಾಕಿ, ನಂಬರ್ ಬರದು ಬ್ಯಾರೆಯವರ ಕೈಯಾಗ ಇಡ್ರಿ. ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಮೊದಲ ಹುಡುಗಿಯನ್ನ ಸೇರಿಸೂಕಿಂತ ಮುಂಚೆ ಆಗಬೇಕು. 2018ರ ಏಪ್ರಿಲ್ 1ರಿಂದ ಆಮ್ಯಾಲ ಮಾಡೋ ನೋಂದಣಿ ತಗೊಳ್ಳೂದಿಲ್ಲ. ಅರ್ಜಿ ಸಿದ್ಧ ಮಾಡೂಮುಂದ ಸೆಮಿಸ್ಟರ್ ಪರೀಕ್ಷೆ ತಾರೀಖು ಪಕ್ಕಕ್ಕಿಟ್ಕೊಂಡು ನಾಲ್ಕು ಮುಟ್ಟಿನ ಲೆಕ್ಕ ಹಾಕ್ರಿ. ಪರೀಕ್ಷೆ ಆಗಿ ಹಾಸ್ಟೆಲ್ ಖಾಲಿ ಆತಂದ್ರ ನಾಲ್ಕನೇ ಮುಟ್ಟಿನ ಹಾಳಿ ತುಂಬಲಿಕ್ಕೆ ಯಾರೂ ಇರೂದಿಲ್ಲ.