ನಾನು ಮಾಡಿದ ಮೂರ್ತಿಗೆ ಬಂಗಾರದ ಬಣ್ಣ ಬಳಿದಿದ್ದಾರೆ. ಸುಮ್ಮನಿರಬೇಕಾ?

ಉಳಿಪೆಟ್ಟು (ಶಿರಸಿ)
ಶಿರಸಿಯಲ್ಲಿ ಸಣ್ಣದೊಂದು ಶೆಡ್ ಹಾಕಿಕೊಂಡು ಮೂರ್ತಿ ಕೆಲಸ ಮಾಡುತ್ತೇನೆ. ಏಳು ವರ್ಷದ ಹಿಂದೆ ಕಾರವಾರ ಕಡೆಯ ಒಂದು ಊರಿಗೆ ಮೀನು ಮಾರುವ ಹೆಂಗಸಿನ ಮೂರ್ತಿ ಮಾಡಿಕೊಟ್ಟಿದ್ದೆ. ಊರಿನ ಹೆಸರು ಬೇಡ. ಎಂಟು ಅಡಿ, ಫೈಬರ್. ಬಣ್ಣ ಮಾತ್ರ ಕಪ್ಪಿಗೆ ಹತ್ತಿರದ ಕಂದು. ಸಮುದ್ರದ ಬಿಸಿಲಿಗೆ ಕಣ್ಣು ಕುಕ್ಕಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದು.

ಮೊನ್ನೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿದೆ. ತಲೆಯಿಂದ ಕಾಲಿನವರೆಗೆ ಗೋಲ್ಡನ್ ಪೇಂಟ್. ತುಟಿಗೆ ಕೆಂಪು. ಬುಟ್ಟಿಯೊಳಗಿನ ಬಂಗಡೆಗೂ ಬಂಗಾರ. ಆ ಬಂಗಡೆಗಳ ಬೆನ್ನಿನ ಗೆರೆ ಕೊರೆಯಲು ಎರಡು ದಿನ ಕೂತಿದ್ದೆ. ಈಗ ಒಂದೂ ಕಾಣುವುದಿಲ್ಲ.

ಮೂರ್ತಿ ಮಾಡಿಸಿದ ಕಚೇರಿಗೆ ಫೋನ್ ಮಾಡಿದರೆ, "ನಿಮ್ಮ ದುಡ್ಡು ಬಂದಿದೆಯಲ್ಲ, ಮತ್ತೇನು?" ಅಂದರು. ಪೀಠದ ಮೇಲಿರುವ ನನ್ನ ಹೆಸರನ್ನಾದರೂ ತೆಗೆಸಲೇ ಅಂತ ಯೋಚಿಸುತ್ತಿದ್ದೇನೆ. ನೀವೇನಂತೀರಿ?

ಬೈತಖೋಲದ ದೋಣಿ
ಅಣ್ಣಾ, ಬೇಜಾರು ಮಾಡ್ಕೋಬೇಡಿ. ಆ ಮೂರ್ತಿ ಯಾವುದು ಅಂತ ಗೊತ್ತಾಯಿತು. ನನ್ನ ದೊಡ್ಡಮ್ಮ ಅದರ ಹತ್ತಿರವೇ ಕೂತು ಮೀನು ಮಾರುತ್ತಾಳೆ. ಬಣ್ಣ ಬಳಿದ ದಿನ ಅಲ್ಲಿನ ಹೆಂಗಸರೆಲ್ಲ ಖುಷಿಯಾಗಿದ್ದರು. ಮೊದಲು ಅದಕ್ಕೆ "ಸುಟ್ಟ ಬಾಯಿ" ಅಂತ ಹೆಸರಿಟ್ಟಿದ್ದರು, ಬಾಯಿ ಅಂದರೆ ನಮ್ಮಲ್ಲಿ ಹೆಂಗಸು. ಈಗ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಇನ್ನೊಂದು ಮಾತು. ನೀವು ಬುಟ್ಟಿಯನ್ನು ಸೊಂಟಕ್ಕೆ ಇಟ್ಟಿದ್ದೀರಿ. ನಮ್ಮ ಹೆಂಗಸರು ತಲೆ ಮೇಲೆ ಹೊರುತ್ತಾರೆ. ಮಗುವನ್ನು ಎತ್ತಿಕೊಂಡ ಹಾಗೆ ಮೀನು ಎತ್ತಿಕೊಂಡಿದ್ದಾಳೆ ಅಂತ ದೊಡ್ಡಮ್ಮ ಇವತ್ತಿಗೂ ನಗುತ್ತಾಳೆ.

ಉಳಿಪೆಟ್ಟು
ದೊಡ್ಡಮ್ಮ ಹೇಳಿದ್ದು ಸರಿ. ಮೊದಲ ಮಣ್ಣಿನ ಮಾದರಿಯಲ್ಲಿ ಬುಟ್ಟಿ ತಲೆ ಮೇಲೆಯೇ ಇತ್ತು. ಎಂಟು ಅಡಿ ಎತ್ತರದಲ್ಲಿ ಅಷ್ಟಗಲದ ಬುಟ್ಟಿ ಅಂದರೆ ಗಾಳಿಗೆ ಹಾಯಿ ಕಟ್ಟಿದ ಹಾಗೆ. ಅದಕ್ಕೆ ಒಳಗಿನ ಕಬ್ಬಿಣ ದಪ್ಪ ಬೇಕು, ಕಬ್ಬಿಣಕ್ಕೆ ದುಡ್ಡಿಲ್ಲ. ಹಾಗಾಗಿ ಸೊಂಟಕ್ಕೆ ಇಳಿಸಿದೆ.

ಕರಿಕೋಟು (ಕುಮಟಾ)
ಹೆಸರು ತೆಗೆಸುವ ಮೊದಲು ಒಂದು ವಿಷಯ ತಿಳಿದಿರಲಿ. 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಂ ನಿಮ್ಮ ಪರ ಇದೆ. ಕೃತಿ ಮಾರಿ ದುಡ್ಡು ತೆಗೆದುಕೊಂಡ ಮೇಲೂ, ನಿಮ್ಮ ಮರ್ಯಾದೆಗೆ ಕುಂದು ಬರುವಂತೆ ಅದನ್ನು ಕೆಡಿಸಿದರೆ ನೀವು ಕೇಳಬಹುದು.

ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು. 1979ರಲ್ಲಿ ಅವರನ್ನು ಕೇಳದೆ ಕಿತ್ತು ಗೋದಾಮಿಗೆ ಹಾಕಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಚೂರುಗಳನ್ನು ಅವರಿಗೆ ವಾಪಸ್ ಕೊಡಿ, ಜೊತೆಗೆ 5 ಲಕ್ಷ ಪರಿಹಾರ ಕೊಡಿ ಅಂದಿತು. ಕೇಸ್ ಹಾಕಿದ್ದು 1992ರಲ್ಲಿ. ಹದಿಮೂರು ವರ್ಷ ಓಡಾಡುವ ಶಕ್ತಿ ಇದೆಯಾ ನೋಡಿಕೊಳ್ಳಿ.

ತೆರಿಗೆ ಕಟ್ಟುವವಳು (ಹೊನ್ನಾವರ)
ಕರಿಕೋಟು ಸರ್, ಸುಪ್ರೀಂ ಕೋರ್ಟಿನ ಮಾತನ್ನೂ ಹೇಳಿ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ 2013ರ ಜನವರಿಯಲ್ಲೇ ಆದೇಶ ಇದೆ. ಏಳು ವರ್ಷದ ಹಿಂದೆ ಇದನ್ನು ಇಟ್ಟದ್ದು ಹೇಗೆ? ಆ ಊರಲ್ಲಿ ಮೀನು ಮಾರುವವರಿಗೆ ನೆರಳಿಲ್ಲ, ನಲ್ಲಿ ಇಲ್ಲ. ಅವರ ಮೂರ್ತಿ ಮಾತ್ರ ಇದೆ. ಬಣ್ಣ ಯಾವುದಾದರೇನು?

ಬೈತಖೋಲದ ದೋಣಿ
ಅಕ್ಕ, ನಲ್ಲಿ ಇಲ್ಲ ಅನ್ನುವುದು ಹೌದು. ಹಾಗಂತ ಮೂರ್ತಿಯೂ ಬೇಡ ಅಂದರೆ ನಮಗೆ ಎರಡೂ ಇಲ್ಲದ ಹಾಗಾಗುತ್ತದೆ.

ಉಳಿಪೆಟ್ಟು
ಅಕ್ಕನ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಮಂಜೂರಾದ ಜಾಗ ಬೀಚಿನ ಪಕ್ಕದ ಪಾರ್ಕು. ಸುತ್ತ ಗಾಳಿಮರಗಳಿದ್ದವು, ಗಾಳಿ ಒಡೆಯುತ್ತಿತ್ತು. ನಾನು ಲೆಕ್ಕ ಹಾಕಿದ್ದೂ ಅದಕ್ಕೇ. ಉದ್ಘಾಟನೆಗೆ ಹತ್ತು ದಿನ ಇರುವಾಗ, "ಪಾರ್ಕಲ್ಲಿ ಯಾರಿಗೂ ಕಾಣುವುದಿಲ್ಲ, ಸರ್ಕಲ್‌ನಲ್ಲಿ ಇಡೋಣ" ಅಂದರು. ರಾತ್ರೋರಾತ್ರಿ ಪೀಠ ಕಟ್ಟಿದರು. ಕಾಂಕ್ರೀಟಿಗೆ 28 ದಿನ ನೀರುಣಿಸಿ ಬಿಡಿ ಅಂದೆ. ದೊಡ್ಡವರ ತಾರೀಖು ಸಿಕ್ಕಿದೆ, ಆಗುವುದಿಲ್ಲ ಅಂದರು. ಆರನೇ ದಿನಕ್ಕೆ ಮೂರ್ತಿ ನಿಲ್ಲಿಸಿದೆವು.

ಅದನ್ನು ದೇವಿಮನೆ ಘಟ್ಟ ಇಳಿಸಿದ್ದು ಬೇರೆಯೇ ಕಥೆ. ಲಾರಿಯಲ್ಲಿ ಮಲಗಿಸಿ, ಅಡಿಗೆ ಒಣಹುಲ್ಲು, ಮೇಲೆ ಹಳೇ ಕಂಬಳಿ. ಪ್ರತಿ ತಿರುವಿನಲ್ಲೂ ಇಳಿದು ಹಗ್ಗ ಮುಟ್ಟಿ ನೋಡುತ್ತಿದ್ದೆ. ಡ್ರೈವರ್, "ಹೆಣ ಸಾಗಿಸುವಾಗಲೂ ಇಷ್ಟು ಹೆದರಿರಲಿಲ್ಲ ಮಾರಾಯ್ರೇ" ಅಂದಿದ್ದ.

ದುಡ್ಡಿನ ವಿಷಯಕ್ಕೆ ಬಂದರೆ, ಟೆಂಡರ್ ಆದದ್ದು ಗುತ್ತಿಗೆದಾರರ ಹೆಸರಲ್ಲಿ. ಗಟಾರ, ಪೇವರ್ಸ್, ಲೈಟ್ ಕಂಬ, ಅದರ ಕೊನೆಯ ಸಾಲಲ್ಲಿ "ಮೂರ್ತಿ, ಒಂದು". ಕಡಿಮೆ ದರ ಹಾಕಿದವರಿಗೆ ಕೆಲಸ. ನನಗೆ ಬಂದದ್ದು ಕೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕೊನೆಯ ಕಂತು ಹದಿನಾಲ್ಕು ತಿಂಗಳ ಮೇಲೆ. ಬಿಲ್ಲಿನಲ್ಲಿ ಗಟಾರದ ಅಳತೆ ತಪ್ಪಿತ್ತಂತೆ. ಗಟಾರ ಸರಿಯಾಗುವವರೆಗೆ ಮೂರ್ತಿಗೂ ದುಡ್ಡಿಲ್ಲ.

ರಸಮಟ್ಟ (ಅಂಕೋಲಾ)
ನಾನು ಮೂವತ್ತು ವರ್ಷ ಕರಾವಳಿಯಲ್ಲಿ ಸಿವಿಲ್ ಕೆಲಸ ಮಾಡಿಸಿದವನು. ನೀವೆಲ್ಲ ಬಣ್ಣದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಹೆದರಿಕೆಯಾದದ್ದು ಬೇರೆ. ಶಿಲ್ಪಿಗಳೇ, ಒಳಗೆ ಯಾವ ಕಬ್ಬಿಣ ಹಾಕಿದ್ದೀರಿ?

ಉಳಿಪೆಟ್ಟು
ಮಾಮೂಲಿ ಆಂಗಲ್. ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಎರಡು ಕೋಟ್. ಸ್ಟೇನ್‌ಲೆಸ್ ಬರೆದುಕೊಟ್ಟಿದ್ದೆ, ದರ ನೋಡಿ ಹೊಡೆದು ಹಾಕಿದರು.

ರಸಮಟ್ಟ
ಹೊಡೆದು ಹಾಕಿದಾಗ ನೀವು ಒಪ್ಪಿದಿರಿ. ಅದು ನಿಮ್ಮ ತಪ್ಪು, ಹೇಳಲೇಬೇಕು. ಉಪ್ಪಿನ ಗಾಳಿಯಲ್ಲಿ ಮಾಮೂಲಿ ಕಬ್ಬಿಣಕ್ಕೆ ಏಳು ವರ್ಷ ಅಂದರೆ ಮುಪ್ಪು. ಸ್ಟೇನ್‌ಲೆಸ್‌ನಲ್ಲೂ 304 ದರ್ಜೆಯದ್ದು ಇಲ್ಲಿ ಸಾಲದು. 316 ಬೇಕು, ಅದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪಿಗೆ ಬೇಗ ಬಗ್ಗುವುದಿಲ್ಲ. ಪೀಠದೊಳಗಿನ ಸರಳಿಗೂ ಕಡಲ ಹನಿ ಬೀಳುವ ಕಡೆ 50 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕು. ರಾತ್ರೋರಾತ್ರಿ ಕಟ್ಟಿದವರು ಅದನ್ನು ಅಳೆದಿರುತ್ತಾರಾ? ತುಕ್ಕು ಹಿಡಿದ ಕಬ್ಬಿಣ ಎರಡು ಪಟ್ಟಿಗಿಂತ ಜಾಸ್ತಿ ಉಬ್ಬುತ್ತದೆ. ಆಮೇಲೆ ಮೇಲಿನದ್ದನ್ನು ಸೀಳುತ್ತದೆ.

ಮಹಾರಾಷ್ಟ್ರದ ಮಾಲ್ವಣದ ರಾಜಕೋಟ್ ಕೋಟೆ ನೆನಪಿದೆಯಾ? ನಮ್ಮದೇ ಕಡಲು, ಸ್ವಲ್ಪ ಉತ್ತರಕ್ಕೆ. 35 ಅಡಿಯ ಶಿವಾಜಿ ಪ್ರತಿಮೆ 2023ರ ಡಿಸೆಂಬರ್ 4ಕ್ಕೆ ಉದ್ಘಾಟನೆ, 2024ರ ಆಗಸ್ಟ್ 26ಕ್ಕೆ ನೆಲಕ್ಕೆ. ಒಂದೇ ಮಳೆಗಾಲ. ನಟ್ಟು ಬೋಲ್ಟು ತುಕ್ಕು ಹಿಡಿದಿವೆ ಅಂತ ಬೀಳುವ ಕೆಲವು ದಿನ ಮೊದಲೇ ಲೋಕೋಪಯೋಗಿ ಇಲಾಖೆಯವರು ಪತ್ರ ಬರೆದಿದ್ದರು.

ತೆರಿಗೆ ಕಟ್ಟುವವಳು
ಮುರುಡೇಶ್ವರದ ಶಿವ 123 ಅಡಿ, ಕಡಲಿಗೆ ತಾಗಿಕೊಂಡೇ ಇದ್ದಾನಲ್ಲ?

ರಸಮಟ್ಟ
ಇದ್ದಾನೆ ತಂಗೀ. ಅಲ್ಲಿ ದಿನಾ ನೋಡಿಕೊಳ್ಳುವವರಿದ್ದಾರೆ. ಸರ್ಕಲ್‌ನ ಹೆಂಗಸನ್ನು ನೋಡಿಕೊಳ್ಳುವವರು ಯಾರು? ಕಟ್ಟಲು ದುಡ್ಡು ಬರುತ್ತದೆ, ಕಾಯಲು ಬರುವುದಿಲ್ಲ.

ಗುಡಿಗಾರ ಮನೆಯವ (ಶಿರಸಿ)
ನಡುವೆ ಬಾಯಿ ಹಾಕುತ್ತೇನೆ. ನಮ್ಮದು ಗಂಧ, ಶಿವನೆ ಮರ ಕೆತ್ತುವ ಮನೆ. ಮರದ ದೇವರಿಗೆ ಮತ್ತೆ ಮತ್ತೆ ಬಣ್ಣ ಹಚ್ಚುವುದು ನಮ್ಮಲ್ಲಿ ಹಳೇ ರೂಢಿ. ಅಜ್ಜ ಕೆತ್ತಿದ್ದಕ್ಕೆ ಮೊಮ್ಮಗ ಬಣ್ಣ ಹಚ್ಚುತ್ತಾನೆ. ಯಾರೂ ಕೋರ್ಟಿಗೆ ಹೋಗಿಲ್ಲ. ಆದರೆ ಬಣ್ಣ ಹಚ್ಚುವವನು ಮೊದಲು ಹಳೇ ಬಣ್ಣ ಕೆರೆಯುತ್ತಾನೆ. ಕೆರೆಯುವಾಗಲೇ ಎಲ್ಲಿ ಹುಳ ಬಿದ್ದಿದೆ, ಎಲ್ಲಿ ಸೀಳಿದೆ ಅಂತ ಗೊತ್ತಾಗುವುದು. ಇಲ್ಲಿ ಕೆರೆಯದೆ ಮೇಲಿಂದ ಬಳಿದಿರುತ್ತಾರೆ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಉಳಿಪೆಟ್ಟು
ಈ ಮಾತು ಓದಿದ ಮೇಲೆ ನಿದ್ದೆ ಬರಲಿಲ್ಲ. ಬೈತಖೋಲದ ತಮ್ಮಾ, ಒಂದು ಉಪಕಾರ ಮಾಡು. ನಾಳೆ ದೊಡ್ಡಮ್ಮನ ಹತ್ತಿರ ಹೋದಾಗ ಮೂರ್ತಿಯ ಎಡಗಾಲಿನ ಹರಡಿನ ಫೋಟೋ ತೆಗಿ. ಸಮುದ್ರದ ಕಡೆಗಿರುವ ಕಾಲು. ಭಾರವೆಲ್ಲ ಅಲ್ಲೇ ಇಳಿಯುವುದು. ನೀರು ಹೋಗಲು ಹಿಮ್ಮಡಿಯಲ್ಲಿ ಒಂದು ತೂತು ಬಿಟ್ಟಿದ್ದೆ, ಅದು ತೆರೆದಿದೆಯಾ ನೋಡು.

ಬೈತಖೋಲದ ದೋಣಿ
ಫೋಟೋ ಹಾಕಿದ್ದೇನೆ ಅಣ್ಣ. ತೂತಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿದ್ದಾರೆ. ಹರಡಿನ ಮೇಲೆ ಬೆರಳುದ್ದದ ಬಿರುಕು. ಅಲ್ಲಿಂದ ಚಹಾ ಬಣ್ಣದ ನೀರು ಇಳಿದು ಬಂಗಾರದ ಮೇಲೆ ಗೆರೆ ಮೂಡಿದೆ. ಕೈಯಿಂದ ತಟ್ಟಿದರೆ ಒಳಗೆ ನೀರಿನ ಸದ್ದು.

ರಸಮಟ್ಟ
ಸಾಕು. ಇನ್ನು ಚರ್ಚೆ ಬೇಡ. ಮಳೆ ಹಿಡಿಯುವ ಮೊದಲು ಅಲ್ಲಿಂದ ಇಳಿಸಬೇಕು. ಅಲ್ಲಿಯವರೆಗೆ ದೊಡ್ಡಮ್ಮನವರನ್ನು ಆ ಬದಿಯಲ್ಲಿ ಕೂರಿಸಬೇಡಿ. ಕಚೇರಿಗೆ ನಾನು ಪತ್ರ ಬರೆದು ಕೊಡುತ್ತೇನೆ, ಶಿಲ್ಪಿಗಳೂ ಸಹಿ ಹಾಕಲಿ. ಕಬ್ಬಿಣ ಯಾವುದು ಅಂತ ಅದರಲ್ಲಿ ಬರೆಯಲೇಬೇಕು.

ಕರಿಕೋಟು
ಹಾಗೆ ಬರೆದರೆ ಹೊಣೆ ಅವರ ತಲೆ ಮೇಲೂ ಬರುತ್ತದೆ. ಯೋಚಿಸಿ ಸಹಿ ಹಾಕಿ.

ಉಳಿಪೆಟ್ಟು
ಹಾಕುತ್ತೇನೆ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ. ಡ್ರಿಲ್ ತರುತ್ತೇನೆ, ಮೊದಲು ಆ ನೀರು ಇಳಿಯಲಿ.

ಬೈತಖೋಲದ ದೋಣಿ
ಬನ್ನಿ ಅಣ್ಣ, ಊಟ ನಮ್ಮಲ್ಲೇ. ಮತ್ತೆ, ಹೆಸರು ತೆಗೆಸಬೇಕು ಅಂದಿದ್ದಿರಲ್ಲ. ಇವತ್ತು ಪೀಠ ನೋಡಿದೆ. ಹೆಸರಿನ ಮೇಲೂ ಬಂಗಾರ ಬಳಿದಿದ್ದಾರೆ, ಒಂದಕ್ಷರ ಓದಲು ಬರುವುದಿಲ್ಲ.